ಆಳಿಗೆ ತಕ್ಕ ಕೋಲು

ಕಳೆದ ಬೇಸಗೆಯಲ್ಲಿ ಬೆಂಗಳೂರಿನಿಂದ ಮೊಮ್ಮಗಳು ಫೋನು ಮಾಡಿ, "ತಾತ, ಶನಿವಾರ ಡ್ರೈವರ್ ಫಿಟಿಂಗಿಗೆ ಹೋಗುತ್ತಿದ್ದೇನೆ, ನೀನೂ ಬಾ" ಎಂದಾಗ, ಕಾರಿಗೆ ಒಬ್ಬ ಚಾಲಕನನ್ನು ಗೊತ್ತುಮಾಡಿಕೊಳ್ಳುತ್ತಿರಬೇಕೆಂದು ನಾನು ತಿಳಿದೆ. ಚಾಲಕನನ್ನು ಪರೀಕ್ಷಿಸಲು ಎಪ್ಪತ್ತು ದಾಟಿದ ಮೇಷ್ಟರೇಕೆ ಎಂದು ಕೇಳಿಯೂ ಕೇಳಿದೆ. ಅವಳು ನಕ್ಕು, "ಆ ಡ್ರೈವರ್ ಅಲ್ಲ, ಗಾಲ್ಫ್ ಕೋಲು. ಮುತ್ತಾತನದೊಂದು ಅಟ್ಟದ ಮೇಲಿದೆಯಲ್ಲ, ಅದನ್ನೂ ತೆಗೆದುಕೊಂಡು ಬಾ" ಎಂದಳು.

ಅಟ್ಟದ ಮೇಲಿನ ಆ ಕೋಲಿನ ಕಥೆಯನ್ನು ಮೊದಲು ಹೇಳಬೇಕು. ನಮ್ಮ ಊರು ಬೂದಿಕೋಟೆ; ಬಂಗಾರಪೇಟೆಯ ದಕ್ಷಿಣಕ್ಕಿರುವ, ಹೈದರಾಲಿ ಹುಟ್ಟಿದ ಸ್ಥಳವೆಂದು ಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬಂದುಹೋಗುವ ಊರು. ಆದರೆ ನಮ್ಮಂಥ ಮನೆಗಳಿಗೆ ಅನ್ನ ಬರುತ್ತಿದ್ದುದು ಹೈದರಾಲಿಯಿಂದಲ್ಲ, ಕೋಲಾರದ ಚಿನ್ನದ ಗಣಿಯಿಂದ. 1880ರ ವೇಳೆಗೆ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ನೆಲದ ಕೆಳಗೆ ಗಣಿಗಳು ಆಳಕ್ಕೆ ಇಳಿದಂತೆ ನೆಲದ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳು ಎದ್ದವು. ನಮ್ಮ ತಂದೆ ಹದಿಮೂರನೆಯ ವಯಸ್ಸಿನಲ್ಲಿ ಸೋದರಮಾವನ ಲೈನು ಮನೆಗೆ ಹೋಗಿ ಸೇರಿ, ದೊರೆಗಳ ಕೋಲಿನ ಚೀಲ ಹೊರುವ ಕ್ಯಾಡಿಯಾದರು. ಮುಂದೆ ಗಣಿಯ ಉಗ್ರಾಣದಲ್ಲಿ ಕೆಲಸ ಸಿಕ್ಕಿದ ಮೇಲೂ ಭಾನುವಾರದ ಚೀಲ ಬಿಡಲಿಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ಆ ದಿನಗಳಲ್ಲಿ ಊರಿಗೆ ಹೊರಟುನಿಂತ ಒಬ್ಬ ಎಂಜಿನಿಯರ್ ದೊರೆ ತನ್ನ ಹಳೆಯ ಡ್ರೈವರನ್ನು ಅವರ ಕೈಯಲ್ಲಿಟ್ಟು ಹೋದ.

ತಂದೆಯವರದು ಗಿಡ್ಡ ಆಳು, ಐದಡಿ ಎರಡಂಗುಲ. ಬೇಸಗೆಯಲ್ಲಿ ರಜೆಗೆ ಊರಿಗೆ ಬಂದಾಗ ಬತ್ತಿದ ಕೆರೆಯಂಗಳದಲ್ಲಿ ನಿಂತು, ಸವೆದ ನಾಲ್ಕು ಚೆಂಡುಗಳನ್ನು ಹೊಡೆಯುತ್ತಿದ್ದರು. ಆಯ್ದುಕೊಂಡು ಬರುವ ಕೆಲಸ ನನ್ನದು. ಎಲ್ಲಿ ನಿಲ್ಲಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಬಲಗಡೆಯ ಹೊಂಗೆಮರದ ಬುಡದಲ್ಲಿ. ನೇರವಾಗಿ ಹೊರಟಂತೆ ಕಂಡ ಚೆಂಡೂ ಕೊನೆಗೆ ಬಲಕ್ಕೆ ಬಾಗಿ ಅಲ್ಲಿಗೇ ಬರುತ್ತಿತ್ತು. "ನನ್ನ ಮಣಿಕಟ್ಟೇ ಸರಿಯಿಲ್ಲ ಕಣೋ, ದೊರೆ ಹೊಡೆದಾಗ ಹೀಗೆ ಹೋಗುತ್ತಿರಲಿಲ್ಲ" ಎನ್ನುತ್ತಿದ್ದರು. ಕೋಲಿನಲ್ಲಿ ತಪ್ಪಿರಬಹುದೆಂಬ ಸಂಶಯ ಅವರಿಗೆ ಒಮ್ಮೆಯೂ ಬರಲಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಕೋಲನ್ನು ಹಳೆಯ ಪಂಚೆಯಲ್ಲಿ ಸುತ್ತಿ, ನಾನು ಬಂಗಾರಪೇಟೆಯಲ್ಲಿ ರೈಲು ಹತ್ತಿದೆ.

ಫಿಟಿಂಗ್ ಎಂದರೆ ದರ್ಜಿಗೆ ಅಳತೆ ಕೊಟ್ಟ ಹಾಗೆ ಎಂದು ನಾನು ಭಾವಿಸಿದ್ದೆ. ಅರ್ಧ ನಿಜ. ದರ್ಜಿ ನಿಂತ ಮನುಷ್ಯನನ್ನು ಅಳೆಯುತ್ತಾನೆ. ಇಲ್ಲಿ ಅಳೆಯುವುದು ಬೀಸುವ ಮನುಷ್ಯನನ್ನು. ಉದ್ದನೆಯ ಕೋಣೆ, ಎದುರಿಗೆ ಒಂದು ಪರದೆ, ನೆಲದ ಮೇಲೆ ಪುಟ್ಟ ಪೆಟ್ಟಿಗೆಯಂಥ ಯಂತ್ರ. ಕೆಲವು ಯಂತ್ರಗಳು ರೇಡಾರಿನಿಂದ, ಕೆಲವು ಕ್ಯಾಮೆರಾದಿಂದ ಚೆಂಡಿನ ಓಟವನ್ನು ಗುರುತಿಸುತ್ತವೆಯಂತೆ. ಅಳೆಯುವ ತರುಣ ಕೋಲನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದ: ವಾರಕ್ಕೆ ಎಷ್ಟು ಸಲ ಆಡುತ್ತೀರಿ? ಚೆಂಡು ಸಾಮಾನ್ಯವಾಗಿ ಯಾವ ಕಡೆಗೆ ತಪ್ಪುತ್ತದೆ? ಬೆನ್ನುನೋವು ಉಂಟೆ? ಬೇಕಾದುದು ದೂರವೋ, ನೇರವೋ? ಆಮೇಲೆ ಎತ್ತರ, ಅಂಗೈ, ಮಣಿಕಟ್ಟಿನಿಂದ ನೆಲಕ್ಕಿರುವ ಅಂತರ ನೋಡಿದ. ಮೈ ಬಿಸಿಯಾಗುವವರೆಗೆ ಕಾದು, ಅವಳ ಸ್ವಂತ ಕೋಲಿನಿಂದಲೇ ಹತ್ತು ಹೊಡೆತ ಹೊಡೆಸಿದ. ಸ್ವಂತ ಕೋಲನ್ನು ಒಯ್ಯದೆ ಹೋಗುವುದು ಹಳೆಯ ಕನ್ನಡಕ ಮರೆತು ಕಣ್ಣಿನ ವೈದ್ಯರ ಬಳಿಗೆ ಹೋದಂತೆ. ಹೊಸತು ಎಷ್ಟು ಮೇಲೆಂದು ಹೇಳಲು ಆಧಾರವೇ ಇರುವುದಿಲ್ಲ.

ಅಂಕಿಗಳು ಪರದೆಯ ಮೇಲೆ ಮೂಡಿದವು. ಕೋಲಿನ ತಲೆಯ ವೇಗ ಗಂಟೆಗೆ 78 ಮೈಲಿ. ಚೆಂಡಿನ ವೇಗ 110. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.41. ಡ್ರೈವರಿನಲ್ಲಿ ಈ ಪ್ರಮಾಣ ಹೆಚ್ಚೆಂದರೆ 1.5ರ ಹತ್ತಿರ ಹೋಗುತ್ತದೆ. ಕೋಲಿನ ಮುಖ ಎಷ್ಟು ಪುಟಿಯಬಹುದೆಂಬುದಕ್ಕೆ ಆಟದ ನಿಯಮವೇ ಮಿತಿ ಹಾಕಿದೆ. ಹಾಗಾದರೆ ಉಳಿದ ಬಲ ಎಲ್ಲಿ ಸೋರಿತು? ತರುಣ ಕೋಲಿನ ಮುಖಕ್ಕೆ ಬಿಳಿಯ ಪುಡಿ ಬಳಿದು ಮತ್ತೆ ಹೊಡೆಸಿದ. ಚೆಂಡಿನ ಗುರುತುಗಳು ನಡುವೆ ಬೀಳದೆ ತುದಿಯತ್ತ ಸಾಲಾಗಿ ಬಿದ್ದಿದ್ದವು. ಅವಳ ಕೋಲು 46 ಅಂಗುಲ; ಜೊತೆಗೆ ಮುಖದ ಓರೆ 9 ಡಿಗ್ರಿ. ಬಲಿಷ್ಠ ಗೆಳೆಯನೊಬ್ಬನ ಸಲಹೆಯಂತೆ ಕೊಂಡದ್ದು. ಚೆಂಡು ಕೇವಲ 8 ಡಿಗ್ರಿ ಕೋನದಲ್ಲಿ ಹೊರಟು ಬೇಗ ನೆಲ ಹಿಡಿಯುತ್ತಿತ್ತು. ಮೆಲ್ಲಗೆ ಎಸೆದ ಕಲ್ಲನ್ನು ತಗ್ಗಾಗಿ ಎಸೆದರೆ ಅದು ಎಷ್ಟು ದೂರ ಹೋದೀತು?

ಮುಂದಿನ ಒಂದು ಗಂಟೆಯಲ್ಲಿ ಅವನು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದ. ಮೊದಲು ಉದ್ದವನ್ನು 44.5 ಅಂಗುಲಕ್ಕೆ ಇಳಿಸಿದ. ಗುರುತುಗಳು ನಡುವಿಗೆ ಸರಿದವು. ಆಮೇಲೆ ಓರೆಯನ್ನು 12 ಡಿಗ್ರಿಗೆ ಏರಿಸಿದ. ಆಮೇಲೆ ದಂಡ. ದಂಡದ ಬಾಗುವಿಕೆಯನ್ನು ಎಲ್, ಎ, ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ. ಆದರೆ ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬ ತಯಾರಕನ ಆರ್ ಇನ್ನೊಬ್ಬನ ಎಸ್‌ನಷ್ಟು ಗಡುಸಾಗಿರಬಹುದು. ಅಕ್ಷರ ನೋಡಿ ಕೊಳ್ಳಬಾರದು, ಬೀಸಿ ನೋಡಿ ಕೊಳ್ಳಬೇಕು. ಕೊನೆಗೆ ತಲೆಯ ವೇಗ 77ಕ್ಕೆ ಇಳಿದಿದ್ದರೂ ಚೆಂಡಿನ ವೇಗ 114ಕ್ಕೆ ಏರಿತ್ತು. ಚೆಂಡು 13 ಡಿಗ್ರಿಯಲ್ಲಿ ಹೊರಡುತ್ತಿತ್ತು. ದೂರ ಹದಿನೈದು ಗಜದಷ್ಟು ಹೆಚ್ಚಿತು.

ಇಷ್ಟರಲ್ಲಿ ಒಂದು ಹೊಡೆತ ಮಿಕ್ಕೆಲ್ಲಕ್ಕಿಂತ ಬಹಳ ದೂರ ಹೋಯಿತು. ಅವಳು ಆ ಕೋಲೇ ಬೇಕೆಂದಳು. ತರುಣ ಒಪ್ಪಲಿಲ್ಲ: "ಒಂದು ಒಳ್ಳೆಯ ಹೊಡೆತಕ್ಕೆ ದುಡ್ಡು ಕೊಡಬೇಡಿ. ಹತ್ತರಲ್ಲಿ ಕೆಟ್ಟದ್ದು ಎಲ್ಲಿ ಬೀಳುತ್ತದೆ, ಅದನ್ನು ನೋಡಿ." ಈ ಮಾತು ನನಗೆ ಹಿಡಿಸಿತು. ಬೆಂಗಳೂರಿನ ಅದಿತಿ ಅಶೋಕ್, ದೂರ ಹೊಡೆಯುವವರ ಸಾಲಿಗೆ ಸೇರದಿದ್ದರೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿದರಲ್ಲ! ಅವನು ಇನ್ನೊಂದು ಮಾತನ್ನೂ ಹೇಳಿದ: "ನೀವು ಚೆಂಡಿನ ಮೇಲೆ ಕೊಡಲಿ ಇಳಿಸಿದಂತೆ ಇಳಿಯುತ್ತೀರಿ. ಅದಕ್ಕೆ ನನ್ನಲ್ಲಿ ಕೋಲಿಲ್ಲ. ಗುರುಗಳ ಹತ್ತಿರ ಹೋಗಬೇಕು." ಯಾವುದು ಕೋಲಿನ ತಪ್ಪು, ಯಾವುದು ಕೈಯ ತಪ್ಪು ಎಂದು ಬೇರ್ಪಡಿಸಿ ಹೇಳುವುದೇ ಈ ವಿದ್ಯೆಯ ಸಾರವೆಂದು ಆಗ ನನಗೆ ಹೊಳೆಯಿತು.

ಆ ಧೈರ್ಯದಲ್ಲಿ ನಾನು ಪಂಚೆ ಬಿಚ್ಚಿದೆ. ತರುಣ ತಂದೆಯವರ ಕೋಲನ್ನು ಎರಡು ಕೈಯಲ್ಲಿ ಎತ್ತಿಕೊಂಡ. ತಲೆ ಪರ್ಸಿಮನ್ ಎಂಬ ಅಮೆರಿಕದ ಗಟ್ಟಿಮರದ್ದು. ಬೀಡಿ ಎಲೆ ಕೊಡುವ ನಮ್ಮ ತೂಬರೆಯ ಕುಲದ ಮರ. ಲೋಹದ ತಲೆಗಳು 1979ರಿಂದೀಚೆಗೆ ಬಳಕೆಗೆ ಬಂದು ಈ ಮರದ ಕಾಲವನ್ನು ಮುಗಿಸಿದವು. ದಂಡ ಉಕ್ಕಿನದು, ಉದ್ದ 43 ಅಂಗುಲ. ತಕ್ಕಡಿಯಲ್ಲಿಟ್ಟಾಗ ಮೊಮ್ಮಗಳ ಕೋಲಿಗಿಂತ ಅರವತ್ತು ಗ್ರಾಮಿನಷ್ಟು ಹೆಚ್ಚು ತೂಗಿತು. ದಂಡವನ್ನು ಬಾಗಿಸಿ ನೋಡಿ ಅವನು ತಲೆಯಾಡಿಸಿದ. ಕೊನೆಗೆ ಕೋಲನ್ನು ನೆಲಕ್ಕೂರಿ, ಮೇಲಿನಿಂದ ಬಹಳ ಹೊತ್ತು ನೋಡಿ ಕೇಳಿದ:

"ಸಾರ್, ನಿಮ್ಮ ತಂದೆಯವರ ಚೆಂಡು ಬಲಕ್ಕೆ ಹೋಗುತ್ತಿತ್ತೆ?"

ನಾನು ಅದುವರೆಗೆ ಆ ವಿಷಯವನ್ನು ಬಾಯಿಬಿಟ್ಟಿರಲಿಲ್ಲ.

"ಇದರ ಮುಖ ಬಲಕ್ಕೆ ಎರಡು ಡಿಗ್ರಿ ತೆರೆದಿದೆ. ಚೆಂಡು ಎಡಕ್ಕೆ ತಿರುಗುವ ಭಯವಿದ್ದ ಬಲವಾದ ಆಟಗಾರರು ಹೀಗೆ ಬೇಕೆಂದು ಮಾಡಿಸಿಕೊಳ್ಳುತ್ತಿದ್ದರು. ನಿಮ್ಮ ತಂದೆಯವರ ಬೀಸನ್ನು ನಾನು ನೋಡಿಲ್ಲ, ಖಂಡಿತವಾಗಿ ಹೇಳಲಾರೆ. ಆದರೆ ಇಷ್ಟು ಭಾರದ, ಇಷ್ಟು ಗಡುಸಾದ ಕೋಲನ್ನು ಸಣ್ಣ ಆಳು ಬೀಸಿದರೆ, ಮುಖ ಮುಚ್ಚುವುದರೊಳಗೆ ಚೆಂಡು ಹೊರಟುಹೋಗಿರುತ್ತದೆ."

ಅಂದರೆ ಅಳತೆಗೆ ತಕ್ಕ ಕೋಲು ಆ ಕಾಲದಲ್ಲೂ ಇತ್ತು. ಅಳತೆ ಮಾತ್ರ ದೊರೆಯದು. ತನ್ನ ತಪ್ಪನ್ನು ತಿದ್ದಲು ಅವನು ಮಾಡಿಸಿಕೊಂಡ ಓರೆಯನ್ನು ನಮ್ಮ ತಂದೆ ತಮ್ಮ ಮಣಿಕಟ್ಟಿನ ದೋಷವೆಂದು ಬದುಕಿನುದ್ದಕ್ಕೂ ಹೊತ್ತರು. ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಅದಾದ ಮೂರನೆಯ ವರ್ಷ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸುದ್ದಿಯನ್ನು ಓದಿದಾಗ, ಇದನ್ನು ಹೇಳಲು ಮನೆಯಲ್ಲಿ ಅವರಿಲ್ಲವಲ್ಲ ಎಂದುಕೊಂಡಿದ್ದೆ. ಈ ಶನಿವಾರ ಹೇಳಬೇಕಾದುದು ಇನ್ನೂ ದೊಡ್ಡದಾಗಿತ್ತು.

ಹಿಂದಿರುಗುವ ರೈಲಿನಲ್ಲಿ ನನ್ನನ್ನು ಕಾಡಿದವರು ತಂದೆಯವರೊಬ್ಬರೇ ಅಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ನಾನು. ಎಡಗೈಯಲ್ಲಿ ಬರೆಯುತ್ತಿದ್ದ ಒಬ್ಬ ಹುಡುಗನ ಬೆರಳಿಗೆ ರೂಲುದೊಣ್ಣೆಯಿಂದ ಹೊಡೆದು, ಬಳಪವನ್ನು ಬಲಗೈಗೆ ಹಾಕಿಸಿದೆ. ವರ್ಷದ ಕೊನೆಯಲ್ಲಿ "ಅಕ್ಷರ ದುಂಡಗಿಲ್ಲ" ಎಂದು ನಾನೇ ಷರಾ ಬರೆದೆ. ಅವನೂ ತನ್ನ ಕೈಯೇ ಸರಿಯಿಲ್ಲವೆಂದು ಎಲ್ಲಿಯೋ ಯಾರಿಗೋ ಹೇಳುತ್ತಿರಬಹುದು. ಬಡಗಿಯನ್ನು ಕಂಡು ಬೆಳೆದವನಿಗೆ ಇಷ್ಟು ತಿಳಿಯಬೇಕಾಗಿತ್ತು. ನಮ್ಮೂರಿನ ಬಡಗಿ ಉಳುವವನ ಸೊಂಟ ನೋಡಿ ಮೇಳಿ ಇಡುತ್ತಿದ್ದ, ಎತ್ತಿನ ಹೆಗಲು ನೋಡಿ ನೊಗ ಕೆತ್ತುತ್ತಿದ್ದ. ಗುದ್ದಲಿಯ ಕಾವನ್ನು ಆಳಿನ ಪಕ್ಕಕ್ಕೆ ಹಿಡಿದು ನೋಡದೆ ಕತ್ತರಿಸುತ್ತಿರಲಿಲ್ಲ.

ಮನೆಗೆ ಬಂದು ಕೋಲನ್ನು ಅಟ್ಟಕ್ಕೆ ಏರಿಸಲಿಲ್ಲ. ಹಿತ್ತಲ ಬಾಗಿಲ ಮೂಲೆಯಲ್ಲಿ ತಂದೆಯವರ ಗುದ್ದಲಿಯ ಪಕ್ಕಕ್ಕೆ ಒರಗಿಸಿದೆ. ಎತ್ತರದಲ್ಲಿ ನಾನು ಅವರ ಹಾಗೆಯೇ. ಗುದ್ದಲಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಕಾವು ನನ್ನ ಕೈಗೆ ಸರಿಯಾಗಿ ಕೂತಿತು.