ಅಪಘಾತ ಸೊನ್ನೆ, ಆದರೆ ಸುರಕ್ಷತೆ ಎಷ್ಟು?

ಗೋವಾದ ಕಲಂಗುಟ್‌ನ ಬೀಚ್ ರಸ್ತೆಯಲ್ಲಿ ಬೆಳಗ್ಗೆ ಏಳಕ್ಕೆ ನಡೆದು ಹೋದರೆ ಕೊಂಕಣಿಗಿಂತ ಮೊದಲು ವಿಜಯಪುರ, ಗದಗ ಕಡೆಯ ಕನ್ನಡ ಕಿವಿಗೆ ಬೀಳುವುದುಂಟು. ಪಾತ್ರೆ ತಿಕ್ಕುವವರು, ಸೆಂಟ್ರಿಂಗ್ ಕಟ್ಟುವವರು, ಟೈಲ್ಸ್ ಕೊಯ್ಯುವವರು. ಊರಲ್ಲಿ ಇವರನ್ನು ಕುರಿತು ವಿಚಾರಿಸಿದರೆ ‘ಗೋವಾಕ್ಕ ದುಡಿಯಾಕ ಹೋಗ್ಯಾರ’ ಎಂಬ ಒಂದೇ ಉತ್ತರ ಸಿಗುತ್ತದೆ. ಅವರು ದುಡಿಯುವ ಜಾಗ ಎಷ್ಟು ಸುರಕ್ಷಿತ ಎಂಬುದನ್ನು ಅಳೆಯುವುದು ಹೇಗೆ?

ಎಲ್ಲರೂ ಹಿಡಿಯುವ ಸುಲಭದ ದಾರಿ ಅಪಘಾತಗಳನ್ನು ಎಣಿಸುವುದು. ಇದಕ್ಕೆ ಐಎಸ್ 3786 ಎಂಬ ಭಾರತೀಯ ಮಾನಕವಿದೆ. ಕೆಲಸ ತಪ್ಪಿಸಿದ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ಎಲ್ಲರೂ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಬೇಕು. ಬಂದದ್ದು ಅಪಘಾತದ ದರ. ಗಾಯದ ತೀವ್ರತೆಗೆ ಇನ್ನೊಂದು ಲೆಕ್ಕವಿದ್ದು, ಅದರಲ್ಲಿ ಒಂದು ಸಾವೆಂದರೆ 6,000 ದಿನಗಳ ನಷ್ಟ. ವರ್ಷಕ್ಕೆ 300 ದಿನದಂತೆ ಇಪ್ಪತ್ತು ವರ್ಷದ ದುಡಿಮೆ. ಓದುವಾಗ ಎದೆ ಚುರುಕ್ಕೆನ್ನುತ್ತದೆ, ಆದರೆ ಲೆಕ್ಕಕ್ಕೆ ಏನಾದರೊಂದು ಅಂಕೆ ಬೇಕಲ್ಲ.

ತೊಡಕು ಬೇರೆ ಕಡೆ ಇದೆ. ನಲವತ್ತು ಜನರ ಹೋಟೆಲೊಂದನ್ನು ಊಹಿಸಿಕೊಳ್ಳಿ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ ಒಟ್ಟು 96,000 ಗಂಟೆ. ವರ್ಷವಿಡೀ ಒಂದೂ ಅಪಘಾತವಾಗಿಲ್ಲ, ದರ ಸೊನ್ನೆ. ಮಾಲೀಕ ಬೀಗುತ್ತಾನೆ. ಆದರೆ ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬುದೊಂದಿದೆ. ಘಟನೆ ಒಮ್ಮೆಯೂ ಕಾಣಿಸದಿದ್ದರೆ, ಅದರ ನಿಜವಾದ ದರ ಹೆಚ್ಚೆಂದರೆ ಎಷ್ಟಿರಬಹುದು ಎಂದು ತಿಳಿಯಲು ಮೂರನ್ನು ಒಟ್ಟು ಗಂಟೆಗಳಿಂದ ಭಾಗಿಸಬೇಕು. ಆ ಉತ್ತರವನ್ನು ನೂರಕ್ಕೆ 95ರಷ್ಟು ನಂಬಬಹುದು. ಇಲ್ಲಿ ಅದು ಹತ್ತು ಲಕ್ಷ ಗಂಟೆಗೆ 31! ಇನ್ನೂ ಬಿಡಿಸಿ ಹೇಳುವುದಾದರೆ, ವರ್ಷಕ್ಕೆ ಸರಾಸರಿ ಮೂರು ಅಪಘಾತ ಆಗುವಂಥ ಅಡುಗೆಮನೆಗಳು ಇಪ್ಪತ್ತಿದ್ದರೆ, ಅವುಗಳಲ್ಲೊಂದು ಬರೀ ಅದೃಷ್ಟದಿಂದಲೇ ಆ ವರ್ಷ ಸೊನ್ನೆ ತೋರಿಸುತ್ತದೆ. ಸೀಸನ್ ಮುಗಿದೊಡನೆ ಅರ್ಧ ಜನ ಊರಿಗೆ ಹೊರಡುವ ಕಲಂಗುಟ್‌ನಂಥ ಕಡೆ ದುಡಿದ ಗಂಟೆ ಇನ್ನೂ ಕಡಿಮೆ, ಸೊನ್ನೆಯ ಬೆಲೆಯೂ ಅಷ್ಟೇ ಕಡಿಮೆ.

ದೊಡ್ಡ ಕಂಪನಿಗಳಲ್ಲಿ ಗಂಟೆಗಳು ಕೋಟಿಗಟ್ಟಲೆ ಇರುತ್ತವೆ, ಅಲ್ಲಿ ಈ ಅಂಕೆ ಗಟ್ಟಿಯಲ್ಲವೇ? ಗಟ್ಟಿಯೇ. ಆದರೆ ಏನನ್ನು ಹೇಳಲು ಗಟ್ಟಿ ಎಂಬುದನ್ನೂ ನೋಡಬೇಕು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ತೇಲುಕಟ್ಟೆ ಸ್ಫೋಟಗೊಂಡು 11 ಮಂದಿ ಸತ್ತರು. ಕೆಲಸ ತಪ್ಪಿಸುವಂಥ ಗಾಯವೇ ಇಲ್ಲದೆ ಏಳು ವರ್ಷ ಕಳೆದ ಕಟ್ಟೆ ಅದು. ಅದೇ ದಿನ ಹಿರಿಯ ಅಧಿಕಾರಿಗಳು ಅಲ್ಲಿಗೆ ಬಂದಿದ್ದರು, ಆ ಸಾಧನೆಯನ್ನು ಹೊಗಳುವುದೂ ಭೇಟಿಯ ಒಂದು ಭಾಗವಾಗಿತ್ತು. ಕಾಲು ಜಾರುವುದಕ್ಕೂ ಬಾವಿಯಿಂದ ಅನಿಲ ನುಗ್ಗುವುದಕ್ಕೂ ಕಾರಣಗಳು ಬೇರೆ. ಮೊದಲನೆಯದನ್ನು ಎಷ್ಟು ಎಣಿಸಿದರೂ ಎರಡನೆಯದು ತಿಳಿಯುವುದಿಲ್ಲ.

ಕಲಂಗುಟ್‌ಗೆ ಹೊಂದಿಕೊಂಡ ಅರ್ಪೋರಾದಲ್ಲಿ 2025ರ ಡಿಸೆಂಬರ್ 6ರ ರಾತ್ರಿ ನೈಟ್‌ಕ್ಲಬ್ಬೊಂದಕ್ಕೆ ಬೆಂಕಿ ಬಿತ್ತು. ಸತ್ತವರು 25 ಮಂದಿ, ಅವರಲ್ಲಿ ಹೆಚ್ಚಿನವರು ಕುಣಿಯಲು ಬಂದವರಲ್ಲ, ಅಲ್ಲೇ ದುಡಿಯುತ್ತಿದ್ದವರು. ಬಹಳಷ್ಟು ಜನ ಕೆಳಗಿನ ಅಡುಗೆಮನೆಯ ಭಾಗದಲ್ಲಿ ಹೊಗೆಗೆ ಸಿಕ್ಕಿ ಉಸಿರುಗಟ್ಟಿ ಸತ್ತರು. ಅದರ ಹಿಂದಿನ ದಿನದ ಗಾಯದ ಪುಸ್ತಕವನ್ನು ತೆರೆದು ಕೂತಿದ್ದರೆ ಈ ಸಾವಿನ ಸುಳಿವು ಸಿಗುತ್ತಿರಲಿಲ್ಲ. ಬಾಗಿಲುಗಳನ್ನು ಎಣಿಸಿದ್ದರೆ ಸಿಗುತ್ತಿತ್ತು.

ಕಾರ್ಖಾನೆ ಕಾನೂನಿನ ಕಣ್ಣಿಗೂ ಈ ಅಡುಗೆಮನೆಗಳು ಬಹುಕಾಲ ಬಿದ್ದಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯು ‘ಕಾರ್ಖಾನೆ’ ಎಂಬ ಪದದ ವ್ಯಾಖ್ಯೆಯಿಂದ ಹೋಟೆಲು, ಉಪಾಹಾರ ಗೃಹಗಳನ್ನು ಹೆಸರು ಹಿಡಿದೇ ಹೊರಗಿಟ್ಟಿತ್ತು. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ವ್ಯಾಪಾರ ಸಂಸ್ಥೆಗಳನ್ನೂ ಒಳಗೊಳ್ಳುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು, ಆ ಬೆಂಕಿಗೆ ಹದಿನೈದು ದಿನ ಮೊದಲು.

ಹಾಗಾದರೆ ಏನನ್ನು ಅಳೆಯಬೇಕು? ಆಗುವುದಕ್ಕೆ ಮುಂಚೆ ಕಾಣುವಂಥದ್ದನ್ನು. ಹೇಳದೆ ಕೇಳದೆ ತಪಾಸಣೆಗೆ ಹೋದ ದಿನ ಹಿಂಬಾಗಿಲಿಗೆ ಬೀಗ ಇತ್ತೇ? ಅಪಾಯದ ಗಂಟೆ ಬಾರಿಸಿದ ಮೇಲೆ ಪಾತ್ರೆ ತೊಳೆಯುವ ಹುಡುಗ ಬಯಲಿಗೆ ಬರಲು ಎಷ್ಟು ಸೆಕೆಂಡು ಹಿಡಿಯಿತು? ಗ್ಯಾಸ್ ಪೈಪು ಸೋರುತ್ತಿದೆ ಎಂದು ಕುಕ್ ಹೇಳಿದ ಮೇಲೆ ರಿಪೇರಿಗೆ ಎಷ್ಟು ದಿನ ಆಯಿತು? ಇವು ದಿನವೂ ಸಿಗುವ ಅಂಕೆಗಳು, ಯಾರೂ ಸಾಯುವವರೆಗೆ ಕಾಯಬೇಕಾಗಿಲ್ಲ. ‘ಸ್ವಲ್ಪದರಲ್ಲಿ ಉಳಿದೆವು’ ಎಂಬ ದೂರುಗಳು ಏರಿದರೆ ಗಾಬರಿಪಡಬೇಡಿ, ಜನ ಹೇಳತೊಡಗಿದ್ದಾರೆ ಎಂದೇ ಅದರ ಅರ್ಥವಿರಬಹುದು. ಅಪಘಾತವಿಲ್ಲದ ತಿಂಗಳಿಗೆ ಬಿರಿಯಾನಿ ಊಟ ಹಾಕಿಸುವ ಪದ್ಧತಿಯನ್ನು ಮಾತ್ರ ನಾನು ಒಪ್ಪಲಾರೆ. ಸುಟ್ಟ ಕೈಯನ್ನು ಜೇಬಿನಲ್ಲಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಈ ಹೊಸ ಅಂಕೆಗಳನ್ನೂ ಕೆಡಿಸಬಹುದು, ತರಬೇತಿಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸುವುದು ಯಾರಿಗೂ ಕಷ್ಟವಲ್ಲ.

ಇವೆಲ್ಲಕ್ಕಿಂತ ಅಳತೆಗೆ ಸಿಗದ್ದು ಕಾಯಿಲೆ. ಗ್ರಾನೈಟ್, ಟೈಲ್ಸ್‌ಗಳನ್ನು ನೀರು ಹಾಯಿಸದೆ ಕೊಯ್ದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ವರ್ಷಗಟ್ಟಲೆ ಕಾದು ಸಿಲಿಕೋಸಿಸ್ ತರುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 46ರವರೆಗೆ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಕಾರ್ಮಿಕರಲ್ಲಿ ಅದು ಕಂಡಿತ್ತು. ಅಲ್ಲಿ ಗಣಿಯೂ ಊರೂ ಒಂದೇ ಕಡೆ ಇದ್ದವು, ರೋಗಿಗಳನ್ನು ಎಣಿಸಬಹುದಿತ್ತು. ಕಲಂಗುಟ್‌ನಲ್ಲಿ ಟೈಲ್ಸ್ ಕೊಯ್ದವನು ಕೆಮ್ಮು ಶುರುವಾಗುವ ಹೊತ್ತಿಗೆ ಘಟ್ಟ ಹತ್ತಿ ಊರು ಸೇರಿರುತ್ತಾನೆ. ಅವನು ದುಡಿದ ಗಂಟೆಗಳು ಗೋವಾದ ಲೆಕ್ಕದಲ್ಲಿ, ಅವನ ಎಕ್ಸ್‌ರೇ ಗದಗದ ಆಸ್ಪತ್ರೆಯಲ್ಲಿ. ಎರಡೂ ಒಂದೇ ಹಾಳೆಯ ಮೇಲೆ ಬರುವುದಿಲ್ಲ. ಆದ್ದರಿಂದ ಕೆಲಸ ಕೊಡುವವರಲ್ಲಿ ಒಂದು ಕೋರಿಕೆ: ಆರೋಗ್ಯ ತಪಾಸಣೆ ಮಾಡಿಸಿದಾಗ ಅದರ ಒಂದು ಪ್ರತಿಯನ್ನು, ಏನು ಕೆಲಸ, ಎಷ್ಟು ತಿಂಗಳು ಎಂದು ಬರೆದು, ಕೆಲಸಗಾರನ ಕೈಗೇ ಕೊಡಿ. ಊರಿಗೆ ಹೋಗುವಾಗ ಅವನು ಒಯ್ಯಲಿ.