ಹೊಸ ವ್ಯಾಪಾರಕ್ಕೆ ಸ್ಥಳನಿರ್ಣಯ: ಚಾಮರಾಜನಗರವೋ ಗುಂಡ್ಲುಪೇಟೆಯೋ?

ಮಗಳನ್ನು ಕೊಡುವ ಮನೆಯನ್ನು ಗೊತ್ತುಮಾಡುವಾಗ ನಮ್ಮ ಗೃಹಸ್ಥರು ಮೂರು ತಲೆಮಾರಿನ ಸಮಾಚಾರವನ್ನು ವಿಚಾರಿಸುತ್ತಾರೆ. ಆದರೆ ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಒಂದು ಅಂಗಡಿಯನ್ನೋ ಗಿರಣಿಯನ್ನೋ ತೆರೆಯುವಾಗ, ಅದು ಎಲ್ಲಿರಬೇಕೆಂಬ ವಿಷಯವನ್ನು ಒಂದು ಸಂಜೆಯ ಮಾತಿನಲ್ಲಿ ಮುಗಿಸಿಬಿಡುವುದುಂಟು. ಭಾವಮೈದುನನ ಮಳಿಗೆ ಖಾಲಿಯಿದೆ, ಬಾಡಿಗೆ ಅಗ್ಗ, ಅಥವಾ ಪಿತ್ರಾರ್ಜಿತವಾದ ಜಮೀನು ರಸ್ತೆಯ ಅಂಚಿನಲ್ಲಿದೆ, ಇಷ್ಟೇ ಕಾರಣ. ಸರಕು ಒಪ್ಪಿಗೆಯಾಗದಿದ್ದರೆ ಬೇರೆ ಸರಕನ್ನು ತರಿಸಬಹುದು, ಆಳು ಸರಿಯಿಲ್ಲದಿದ್ದರೆ ಬೇರೊಬ್ಬನನ್ನು ಇಟ್ಟುಕೊಳ್ಳಬಹುದು. ಮುಂಗಡವನ್ನು ಕೊಟ್ಟು, ಗೋಡೆ ಎಬ್ಬಿಸಿ, ಯಂತ್ರವನ್ನು ನೆಲಕ್ಕೆ ಬಿಗಿದಮೇಲೆ ಸ್ಥಳವನ್ನು ಬದಲಾಯಿಸುವುದೆಂದರೆ, ತೀರದ ಸಾಲದ ಮೇಲೆ ಮತ್ತೊಂದು ಸಾಲವನ್ನು ಮಾಡಿದಂತೆಯೇ ಸರಿ.

ಈ ವಿಚಾರವನ್ನು ಬರಿಯ ತತ್ತ್ವವಾಗಿ ಹೇಳಿದರೆ ಪ್ರಯೋಜನವಿಲ್ಲ. ಆದಕಾರಣ ನಮ್ಮ ನಾಡಿನ ತೆಂಕಣ ಅಂಚಿನಲ್ಲಿರುವ ಎರಡು ಊರುಗಳನ್ನು ಎದುರಿಗೆ ಇಟ್ಟುಕೊಂಡು ನೋಡೋಣ. ಚಾಮರಾಜನಗರವೂ ಗುಂಡ್ಲುಪೇಟೆಯೂ ಒಂದೇ ಜಿಲ್ಲೆಯವು. ಎರಡಕ್ಕೂ ಮೈಸೂರಿನಿಂದ ಸುಮಾರು ೬೦ ಕಿಲೋಮೀಟರು. ತೆರಕಣಾಂಬಿಯ ಮೇಲೆ ಹೋದರೆ ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮಣ್ಣು, ಮಳೆ, ಮಾತು ಎಲ್ಲವೂ ಹೆಚ್ಚುಕಡಮೆ ಒಂದೇ. ಆದರೂ ಒಂದರಲ್ಲಿ ಹಣ ತರುವ ವ್ಯಾಪಾರವು ಇನ್ನೊಂದರಲ್ಲಿ ಮುಳುಗಬಹುದು. ಏತಕ್ಕೆಂದರೆ, ಒಂದು ಊರಿಗೆ ಜನ ಕೆಲಸವಿಟ್ಟುಕೊಂಡು ಬರುತ್ತಾರೆ, ಇನ್ನೊಂದನ್ನು ಹಾದುಹೋಗುತ್ತಾರೆ.

ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಗೌರವದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಅದಕ್ಕೆ ಈಗಿನ ಹೆಸರನ್ನಿಟ್ಟು, ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅದಾಗಿ ಒಂದು ನೂರು ವರ್ಷಕ್ಕೆ, ೧೯೨೬ರಲ್ಲಿ, ನಂಜನಗೂಡಿನವರೆಗೆ ಬಂದು ನಿಂತಿದ್ದ ರೈಲುದಾರಿಯು ಇಲ್ಲಿಯವರೆಗೆ ಬೆಳೆಯಿತು, ಇಲ್ಲಿಗೇ ನಿಂತಿತು. ೧೯೯೭ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಹೊಸ ಜಿಲ್ಲೆಯನ್ನು ಮಾಡಿದಾಗ ಜಿಲ್ಲಾಧಿಕಾರಿಗಳ ಕಚೇರಿ ಮೊದಲಾದುವು ಇಲ್ಲಿ ನೆಲೆಗೊಂಡುವು. ೨೦೧೬ರಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜೂ ಆರಂಭವಾಯಿತು. ಈ ಊರಿನ ಗಿರಾಕಿಯು ಯಾರೆಂಬುದು ಇದರಿಂದಲೇ ತಿಳಿಯುತ್ತದೆ: ಪಹಣಿಗೆ ಬಂದ ರೈತ, ವ್ಯಾಜ್ಯಕ್ಕೆ ಬಂದ ಕಕ್ಷಿಗಾರ, ರೋಗಿಯ ಜೊತೆಗೆ ಬಂದ ನೆಂಟ, ತಿಂಗಳ ಸಂಬಳದ ನೌಕರ, ಹಾಸ್ಟೆಲಿನ ವಿದ್ಯಾರ್ಥಿ. ಇವರು ಮತ್ತೆ ಮತ್ತೆ ಬರುವವರು. ಒಮ್ಮೆ ಮೋಸಹೋದರೆ ಎರಡನೆಯ ಸಲ ಅಂಗಡಿಯ ಮೆಟ್ಟಿಲನ್ನು ಹತ್ತುವವರಲ್ಲ. ಇಲ್ಲಿ ಔಷಧದಂಗಡಿ, ಪುಸ್ತಕದಂಗಡಿ, ಹೊಲಿಗೆಯ ಅಂಗಡಿ, ಮಧ್ಯಾಹ್ನದ ಊಟದ ಮನೆ, ಇವು ಮೆಲ್ಲಗೆ ಬೇರೂರುವ ಸಂಭವವುಂಟು. ಭಾನುವಾರ ಕಚೇರಿಗಳು ಮುಚ್ಚಿರುವಾಗ ಅಂಗಡಿಬೀದಿಯಲ್ಲಿ ನಿಂತು ನೋಡಿದರೆ, ಈ ಊರಿನ ವ್ಯಾಪಾರವು ಯಾವ ಕಂಬದ ಮೇಲೆ ನಿಂತಿದೆಯೆಂಬುದು ಕಣ್ಣಿಗೆ ಕಾಣುತ್ತದೆ.

ಇಲ್ಲೊಂದು ಮಾತನ್ನು ಹೇಳದೆ ಹೋಗಲಾಗದು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಗಳಿಗೆ ಅಧಿಕಾರ ಹೋಗುವುದೆಂಬ ನಂಬಿಕೆಯು ಬಹುಕಾಲ ಹಬ್ಬಿತ್ತು; ಅದಕ್ಕೆ ಅಂಜಿ ಊರಿನ ಹೊರಗಿನಿಂದಲೇ ಹೋದವರೂ ಉಂಟು. ಸಿದ್ದರಾಮಯ್ಯನವರು ೨೦೧೩ರಲ್ಲಿ ಅಧಿಕಾರಕ್ಕೆ ಬಂದಮೇಲೆ ಇಲ್ಲಿಗೆ ಬಂದರು, ಪುನಃ ಪುನಃ ಬಂದರು, ೨೦೧೮ರವರೆಗೆ ಪೂರ್ತಿ ಅವಧಿಯನ್ನು ಆಳಿದರು. ಮಂತ್ರಿಗಳ ವಿಷಯ ಹಾಗಿರಲಿ. ಒಂದು ಊರಿಗೆ ‘ಆಗಿಬರುವುದಿಲ್ಲ’ ಎಂಬ ಹೆಸರು ಬಂದರೆ ದೊಡ್ಡ ಬಂಡವಲಿನವರೂ ಹಿಂಜರಿಯುವುದು ಸಹಜ. ಹೀಗೆ ಹಿಂಜರಿಕೆಯಿದ್ದಲ್ಲಿ ಬಾಡಿಗೆಯೂ ಸ್ಪರ್ಧೆಯೂ ಕಡಮೆಯಿರುವುದುಂಟೆಂಬುದನ್ನು ವಿವೇಕಿಯಾದ ಸಣ್ಣ ವ್ಯಾಪಾರಿಯು ಗಮನಿಸತಕ್ಕುದು.

ಗುಂಡ್ಲುಪೇಟೆಯ ಪರಿಯೇ ಬೇರೆ. ಮೈಸೂರಿನಿಂದ ಬಂದ ಹೆದ್ದಾರಿಯು ಇಲ್ಲಿ ಕವಲೊಡೆದು, ಒಂದು ಬಂಡೀಪುರದ ಮೇಲೆ ಉದಕಮಂಡಲಕ್ಕೂ ಮತ್ತೊಂದು ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೂ ಹೋಗುತ್ತದೆ. ಎರಡೂ ಕಾಡನ್ನು ಹೊಕ್ಕೇ ಹೋಗಬೇಕು. ಆ ಕಾಡಿನ ದಾರಿಯು ೨೦೦೯ರಿಂದ ರಾತ್ರಿ ೯ ಗಂಟೆಗೆ ಮುಚ್ಚಿ ಬೆಳಗ್ಗೆ ೬ ಗಂಟೆಗೆ ತೆರೆಯುತ್ತದೆ. ವನ್ಯಮೃಗಗಳ ಪ್ರಾಣರಕ್ಷಣೆಗಾಗಿ ಆದ ಈ ಕಟ್ಟಳೆಯನ್ನು ಉಚ್ಚ ನ್ಯಾಯಾಲಯವೂ ೨೦೧೦ರಲ್ಲಿ ಎತ್ತಿಹಿಡಿಯಿತು. ಇದರ ನ್ಯಾಯಾನ್ಯಾಯವನ್ನು ಕೇರಳದವರು ಇಂದಿಗೂ ಚರ್ಚಿಸುತ್ತಾರೆ. ನಮಗೆ ಇಲ್ಲಿ ಬೇಕಾದುದು ಅದರ ಗಡಿಯಾರ ಮಾತ್ರ. ರಾತ್ರಿ ಒಂಬತ್ತರೊಳಗೆ ತನಿಖೆಯ ಗೇಟನ್ನು ದಾಟಲಾರದವನು ಈಚೆಯೇ ಮಲಗಬೇಕು. ತರಕಾರಿಯ ಲಾರಿಯು ಹಗಲಿನಲ್ಲಿಯೇ ತುಂಬಿ ಹೊರಡಬೇಕು. ಆದುದರಿಂದ ಈ ದಾರಿಯಲ್ಲಿ ರಾತ್ರಿಯೆಲ್ಲ ತೆರೆದಿರುವ ಫಲಾಹಾರಮಂದಿರಕ್ಕಿಂತ, ನಾಲ್ಕು ಚೊಕ್ಕವಾದ ಕೊಠಡಿಗಳೂ ಬೆಳಗಿನ ಐದು ಗಂಟೆಗೆ ಬಿಸಿಯಾದ ಇಡ್ಲಿಯೂ ಉಳ್ಳ ವಸತಿಗೃಹವು ಹೆಚ್ಚು ಹೊಂದುತ್ತದೆ.

ಒಂದರ ಪಕ್ಕದಲ್ಲಿ ಒಂದರಂತೆ ಇಷ್ಟು ಹೋಟೆಲುಗಳಿವೆಯಲ್ಲ, ಇನ್ನೊಂದೇಕೆ ಎಂದು ಕೆಲವರು ಹೇಳುವರು. ಹೆರಾಲ್ಡ್ ಹೋಟೆಲಿಂಗ್ ಎಂಬ ಅಮೆರಿಕದ ಪಂಡಿತನು ೧೯೨೯ರಲ್ಲಿ ಈ ವಿಚಿತ್ರವನ್ನೇ ಲೆಕ್ಕಹಾಕಿ ನೋಡಿದನು: ಒಂದೇ ಬೀದಿಯಲ್ಲಿ ಒಂದೇ ಸರಕನ್ನು ಮಾರುವ ಇಬ್ಬರು, ಬೀದಿಯ ಎರಡು ಕೊನೆಗಳಿಗೆ ಸರಿಯುವ ಬದಲು ನಡುವಿಗೆ ಬಂದು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುವರು, ದೂರ ಸರಿದವನು ನಡುವಿನ ಗಿರಾಕಿಗಳನ್ನು ಕಳೆದುಕೊಳ್ಳುವನು. ಹಸಿದ ಪ್ರಯಾಣಿಕನು ಹತ್ತು ದೀಪಗಳು ಕಾಣುವಲ್ಲಿ ಗಾಡಿಯನ್ನು ನಿಲ್ಲಿಸುವನೇ ಹೊರತು ಒಂಟಿ ದೀಪಕ್ಕೆ ನಿಲ್ಲಿಸುವುದು ಅಪರೂಪ. ಆದರೆ ಎಡಬಲಗಳನ್ನು ಮಾತ್ರ ಮರೆಯಬಾರದು. ಬೆಳಗ್ಗೆ ಊಟಿಗೆ ಹೋಗುವವರ ಎಡಗಡೆಗೆ ಬೀಳುವ ಅಂಗಡಿಗೆ ತಿಂಡಿಯ ವ್ಯಾಪಾರ. ಸಂಜೆ ಹಿಂದಿರುಗುವವರ ಎಡಗಡೆಗೆ ಬೀಳುವ ಅಂಗಡಿಗೆ ಕಾಫಿಯ ಮತ್ತು ಬುತ್ತಿಯ ವ್ಯಾಪಾರ.

ಇಂಥ ಊರಿಗೆ ಒಂದು ಅಪಾಯವೂ ಉಂಟು. ಇಲ್ಲಿನ ಬಹುಪಾಲು ಹಣವು ಬೇರೆಯವರ ಹಬ್ಬದಿಂದ, ಬೇರೆಯವರ ರಜೆಯಿಂದ ಬರತಕ್ಕುದು. ಓಣಂ ಬಂದರೆ ತರಕಾರಿಗೂ ಹೂವಿಗೂ ಬೆಲೆ; ಏಪ್ರಿಲ್, ಮೇ ಬಂದರೆ ಊಟಿಯ ಗಾಡಿಗಳು. ೨೦೧೮ರ ಆಗಸ್ಟಿನಲ್ಲಿ ಕೇರಳವು ಪ್ರವಾಹದಲ್ಲಿ ಮುಳುಗಿದಾಗ ಆ ವರ್ಷದ ಓಣಂ ಸಂಭ್ರಮವನ್ನೇ ಅಲ್ಲಿನ ಸರ್ಕಾರವು ನಿಲ್ಲಿಸಿತು. ೨೦೨೦ರಲ್ಲಿ ಮಹಾಮಾರಿಯ ಕಾಲಕ್ಕೆ ಗಡಿಯ ರಸ್ತೆಗಳನ್ನೇ ಅಡ್ಡಗಟ್ಟಿದರು. ಹಾಗಾದುದರಿಂದ ಗುಂಡ್ಲುಪೇಟೆಯಲ್ಲಿ ವ್ಯಾಪಾರಕ್ಕೆ ಇಳಿಯುವವನು ನಾಲ್ಕು ತಿಂಗಳು ಗಿರಾಕಿಯಿಲ್ಲದಿದ್ದರೂ ಬಾಡಿಗೆಯನ್ನು ಕಟ್ಟುವಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಂಡಿರಬೇಕು. ಅದು ಇಲ್ಲದವನಿಗೆ ಕಚೇರಿಗಳ ಊರೇ ಲೇಸು.

ಇನ್ನು ಮಾರುವ ಮಾತನ್ನು ಬಿಟ್ಟು ತಯಾರಿಸುವ ಮಾತಿಗೆ ಬರೋಣ. ಆಲ್ಫ್ರೆಡ್ ವೇಬರ್ ಎಂಬ ಜರ್ಮನಿಯ ವಿದ್ವಾಂಸನು ೧೯೦೯ರಲ್ಲಿ ಕೈಗಾರಿಕೆಗಳ ಸ್ಥಾನವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಅದರ ತಿರುಳು ನಮ್ಮ ಯಾವ ಗಾಡಿ ಹೊಡೆಯುವವನಿಗೂ ಅರ್ಥವಾಗುವಂಥದು: ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾಮಾಲಿದ್ದರೆ ಕಾರ್ಖಾನೆಯು ಮಾಲಿನ ಹತ್ತಿರಕ್ಕೆ ಹೋಗಬೇಕು, ತೂಕ ಕಳೆಯದಿದ್ದರೆ ಕೊಳ್ಳುವವನ ಹತ್ತಿರಕ್ಕೆ ಹೋಗಬಹುದು. ಸುಮಾರು ಹತ್ತು ಪಾಲು ಕಬ್ಬಿಗೆ ಒಂದು ಪಾಲು ಸಕ್ಕರೆ. ಮೇಲಾಗಿ ಕಡಿದ ಕಬ್ಬು ಕಾಯುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮಂಡ್ಯದಲ್ಲಿಯೇ ೧೯೩೩ರಲ್ಲಿ ಸಕ್ಕರೆಯ ಕಾರ್ಖಾನೆ ಎದ್ದುದು ಇದಕ್ಕೇ.

ಈ ಲೆಕ್ಕವನ್ನು ನಮ್ಮ ಎರಡು ತಾಲ್ಲೂಕುಗಳ ಬೆಳೆಗಳಿಗೆ ಹಾಕಿ ನೋಡಬೇಕು. ಗುಂಡ್ಲುಪೇಟೆಯ ಕಡೆ ಮಳೆಗಾಲದಲ್ಲಿ ಹೊಲಹೊಲವೇ ಹಳದಿಯಾಗಿ ಕಾಣುವ ಚೆಂಡುಹೂವು ಬರಿಯ ಮಾಲೆಗೆ ಬೆಳೆದುದಲ್ಲ. ಅದರಿಂದ ತೆಗೆದ ಬಣ್ಣದ ಸತ್ತ್ವವು ಕೋಳಿಯ ಆಹಾರದಲ್ಲಿ ಸೇರಿ ಮೊಟ್ಟೆಯ ಭಂಡಾರಕ್ಕೆ ಹಳದಿಯನ್ನು ಕೊಡುತ್ತದೆ. ಹೂವಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕು ನೀರೇ. ನೀರನ್ನು ಲಾರಿಯಲ್ಲಿ ಹೇರಿ ದೂರ ಸಾಗಿಸುವವನು ಮೂರ್ಖನು. ಒತ್ತಿ ಒಣಗಿಸುವ ಕೆಲಸವು ಹೊಲದ ಹತ್ತಿರವೇ ಆಗಬೇಕು. ಅರಿಸಿನದಲ್ಲಿಯೂ ಹಸಿಯ ಐದು ಪಾಲಿಗೆ ಒಣಗಿದ್ದು ಒಂದು ಪಾಲು. ಆದರೆ ಬೇಯಿಸಿ ಒಣಗಿಸುವ ಕೆಲಸವನ್ನು ರೈತನು ತನ್ನ ಕಣದಲ್ಲಿಯೇ ಮುಗಿಸುತ್ತಾನೆ. ಆಮೇಲೆ ಅದು ಹಗುರ. ಆದುದರಿಂದಲೇ ಬಹುಮಂದಿ ಖರೀದಿದಾರರು ಒಟ್ಟುಸೇರುವ ತಮಿಳುನಾಡಿನ ಈರೋಡಿಗೆ ನಮ್ಮ ಅರಿಸಿನವು ಹೋಗುತ್ತಲಿದೆ. ಅರಿಸಿನದ ಪುಡಿಯ ಗಿರಣಿಯನ್ನಿಡಬೇಕೆನ್ನುವ ಗೃಹಿಣಿಯರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು: ಕೊಂಬು ವರ್ಷಗಟ್ಟಲೆ ಕೆಡದೆ ಇರುತ್ತದೆ, ಪುಡಿಯ ಪರಿಮಳವು ಕೆಲವು ತಿಂಗಳಿಗೇ ಹಾರುತ್ತದೆ. ಆದಕಾರಣ ಪುಡಿಯ ಗಿರಣಿಗೆ ಹೊಲದ ಹತ್ತಿರಕ್ಕಿಂತ ಉಣ್ಣುವವರ ಹತ್ತಿರವೇ ಸ್ಥಳ. ಅಂದರೆ ಗುಂಡ್ಲುಪೇಟೆಯ ಹಳ್ಳಿಗಿಂತ ಚಾಮರಾಜನಗರದ ಪೇಟೆಬೀದಿಯೂ, ಅದಕ್ಕಿಂತ ಮೈಸೂರೂ ಮೇಲು.

ಲೆಕ್ಕ ತಪ್ಪುವುದೂ ಉಂಟು. ಚಾಮರಾಜನಗರದ ಕರಿಕಲ್ಲು ದೇಶಾಂತರಗಳಲ್ಲಿ ಹೆಸರಾದುದು. ಕೊಯ್ದು ನಯಮಾಡುವಾಗ ಕಲ್ಲಿನಲ್ಲಿ ಎಷ್ಟೋ ಪಾಲು ವ್ಯರ್ಥವಾಗುವುದರಿಂದ ಆ ಕೆಲಸವೆಲ್ಲ ಗಣಿಯ ಬಾಯಲ್ಲೇ ಆಗಬೇಕಿತ್ತು. ಆದರೂ ದಿಮ್ಮಿಗಳು ದಿಮ್ಮಿಗಳಾಗಿಯೇ ಊರನ್ನು ಬಿಟ್ಟುವು. ಕೊಯ್ಯುವ ಯಂತ್ರ, ನುರಿತ ಕೈ, ಹಡಗಿನ ರೇವು ಇವು ಬೇರೆಡೆಯಲ್ಲಿದ್ದುವು. ಕಲ್ಲು ಹೋದಮೇಲೆ ಈ ಊರಿಗೆ ಉಳಿದುದು ಹಳ್ಳ ಮತ್ತು ದಿನಗೂಲಿ. ರೇಷ್ಮೆಯ ಕಥೆಯೂ ಇದಕ್ಕೆ ಬಹು ದೂರವಲ್ಲ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕಾಗಿರುವಾಗ, ರಾಮನಗರದ ದೊಡ್ಡ ಮಾರುಕಟ್ಟೆಯು ದೂರದೂರದ ಗೂಡುಗಳನ್ನು ತನ್ನೆಡೆಗೆ ಸೆಳೆದುಕೊಂಡಿತು. ಹತ್ತು ಮಂದಿ ಕೊಳ್ಳುವವರು ಇರುವಲ್ಲಿಗೆ ಮಾರುವವನು ಸಾಗಣೆಯ ಖರ್ಚನ್ನೂ ಲೆಕ್ಕಿಸದೆ ಹೋಗುತ್ತಾನೆ.

ಭಾರಿಯ ಬಂಡವಲಿಗೆ ಸರ್ಕಾರವೇ ನೆಲೆಯನ್ನು ತೋರಿಸಿದೆ. ಚಾಮರಾಜನಗರಕ್ಕೆ ಬರುವ ದಾರಿಯಲ್ಲಿ ಬದನಗುಪ್ಪೆ ಮತ್ತು ಕೆಲ್ಲಂಬಳ್ಳಿಗಳ ಎಲ್ಲೆಯಲ್ಲಿ ಸಾವಿರಕ್ಕೂ ಮಿಕ್ಕ ಎಕರೆಯ ಕೈಗಾರಿಕಾ ಪ್ರದೇಶವಾಗಿದೆ. ಬಿರ್ಲಾ ಓಪಸ್ ಬಣ್ಣದ ಆರು ಕಾರ್ಖಾನೆಗಳಲ್ಲೊಂದು ಈ ಜಿಲ್ಲೆಯ ಪಾಲಿಗೆ ಬಂದಿದೆ. ಸಣ್ಣವನು ಅಲ್ಲಿ ಒಳಗೆ ಜಾಗವನ್ನು ಹುಡುಕುವುದಕ್ಕಿಂತ, ಅಲ್ಲಿ ದುಡಿಯುವವರ ಊಟ, ಬಟ್ಟೆ, ಬೈಸಿಕಲ್ಲು, ಬಾಡಿಗೆಮನೆಗಳನ್ನು ಕುರಿತು ಯೋಚಿಸುವುದು ಮೇಲೆಂದು ನನ್ನ ಅಭಿಪ್ರಾಯ. ಗುಂಡ್ಲುಪೇಟೆಯ ತೆಂಕಣ ಹಳ್ಳಿಗಳಲ್ಲಿಯಾದರೋ ಬಂಡೀಪುರದ ಸುತ್ತಣ ಸೂಕ್ಷ್ಮವಲಯದ ಕಟ್ಟಳೆಗಳು ೨೦೧೨ರಿಂದ ಜಾರಿಯಲ್ಲಿವೆ. ಕಾಡಿನ ಅಂಚಿನ ಜಮೀನು ಅಗ್ಗವೆಂದು ಕೊಂಡು, ಆಮೇಲೆ ವಿಶ್ರಾಂತಿಗೃಹಕ್ಕೋ ಕಾರ್ಖಾನೆಗೋ ಅನುಮತಿ ಸಿಕ್ಕದೆ ಕುಳಿತರೆ ಆ ಅಗ್ಗವೇ ದುಬಾರಿ. ಕ್ರಯಪತ್ರಕ್ಕೆ ಮುಂಚೆ ಅರಣ್ಯ ಇಲಾಖೆಯ ನಕ್ಷೆಯನ್ನೂ ಭೂಪರಿವರ್ತನೆಯ ಆದೇಶವನ್ನೂ ನೋಡತಕ್ಕುದು. ನೆರೆಯ ಹೊಲದ ಕೊಳವೆಬಾವಿಯು ಬೇಸಗೆಯಲ್ಲಿ ಎಷ್ಟು ಹೊತ್ತು ನೀರೆತ್ತುವುದೆಂದು ಆ ಹೊಲದವನನ್ನೇ ಕೇಳತಕ್ಕುದು.

ಸ್ಥಳವನ್ನು ಗೊತ್ತುಮಾಡುವಾಗ ಮನೆಯಾಕೆಯನ್ನು ಕೇಳುವ ವಾಡಿಕೆ ನಮ್ಮಲ್ಲಿ ಕಡಮೆ. ಆದರೆ ಯಜಮಾನನು ಸರಕಿಗೆ ಹೋದಾಗ ಅಂಗಡಿಯಲ್ಲಿ ಕೂರುವವಳು ಆಕೆ; ಶಾಲೆಯಿಂದ ಬಂದ ಮಕ್ಕಳು ಎಲ್ಲಿ ಉಣ್ಣಬೇಕು, ಕತ್ತಲಾದಮೇಲೆ ಆ ಬೀದಿಯಲ್ಲಿ ಹೆಂಗಸರು ಓಡಾಡುವರೇ ಎಂಬುದನ್ನು ಬಲ್ಲವಳೂ ಆಕೆಯೇ. ಮುಂಗಡವನ್ನು ಕೊಡುವುದಕ್ಕೆ ಮುಂಚೆ ದಂಪತಿಗಳಿಬ್ಬರೂ ಆ ಜಾಗದ ಎದುರಿಗೆ ಮೂರು ದಿನ, ಒಂದು ಸಂತೆಯ ದಿನ, ಒಂದು ಭಾನುವಾರ, ಒಂದು ಸಾಧಾರಣ ದಿನ, ಬೆಳಗಿನಿಂದ ದೀಪ ಹಚ್ಚುವವರೆಗೆ ಕುಳಿತು, ಹಾದುಹೋದವರೆಷ್ಟು, ನಿಂತವರೆಷ್ಟು, ಕೈಯಲ್ಲಿ ಗಂಟುಹಿಡಿದು ಹಿಂದಿರುಗಿದವರೆಷ್ಟು ಎಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಲಿ. ಮೊದಲ ವರ್ಷ ಕೊಳ್ಳದೆ ಬಾಡಿಗೆಗೇ ಇರಲಿ. ಕರಾರಿನಲ್ಲಿ ಬಿಡುವ ಷರತ್ತನ್ನೂ ಬರೆಯಿಸಲಿ.

ಕಡೆಗೆ ರೈಲಿನ ಮಾತು. ಚಾಮರಾಜನಗರದಲ್ಲಿ ನಿಂತ ಕಂಬಿಯು ಸತ್ಯಮಂಗಲದ ಕಾಡನ್ನು ದಾಟಿ ತಮಿಳುನಾಡಿಗೆ ಇಳಿಯುವುದೆಂಬ ಮಾತು ಬಹುಕಾಲದ್ದು. ಕಿರಿದಾಗಿದ್ದ ಹಳಿಗಳು ಈ ಶತಮಾನದ ಮೊದಲ ದಶಕದಲ್ಲಿ ಅಗಲವಾದುವು. ದಾರಿಯು ಮಾತ್ರ ಮುಂದೆ ಹೋಗಲಿಲ್ಲ, ಅಡ್ಡಲಾಗಿ ಹುಲಿಯ ಮತ್ತು ಆನೆಯ ಕಾಡಿದೆ. ಆ ರೈಲನ್ನು ನೆಚ್ಚಿ ನಿಲ್ದಾಣದ ಆಚೆಗೆ ನಿವೇಶನವನ್ನು ತೋರಿಸುವ ದಲ್ಲಾಳಿಗೆ, ಇಂದು ಅಲ್ಲಿ ನಿಂತಿರುವ ಗಾಡಿಯಿಂದ ಎಷ್ಟು ಮಂದಿ ಇಳಿಯುತ್ತಾರೆಂಬ ಒಂದೇ ಪ್ರಶ್ನೆಯನ್ನು ಹಾಕಿರಿ.