ತೂಬು ಬಿಡಿಸಿದ ಮೇಲೆ ಹೃದಯ

ಕುಣಿಗಲ್ ದೊಡ್ಡ ಕೆರೆಯ ಏರಿ ಮೇಲೆ ಓಡಾಡಿದವರಿಗೆ ತೂಬು ಎಂದರೇನೆಂದು ಹೇಳಿಕೊಡಬೇಕಿಲ್ಲ. ತೂಬು ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗುತ್ತದೆ, ಹಿಂದೆ ನೀರು ಏರುತ್ತದೆ. ಹೃದಯದ ಎಡಭಾಗದಲ್ಲಿ ಮೇಲಿನ ಹೃತ್ಕರ್ಣಕ್ಕೂ ಕೆಳಗಿನ ಹೃತ್ಕುಕ್ಷಿಗೂ ನಡುವೆ ಇರುವ ಮೈಟ್ರಲ್ ಕವಾಟವೂ ಅಂಥದೇ ತೂಬು. ಎರಡು ಹಲಗೆಯ ಬಾಗಿಲು ಅದು. ತೆರೆದಾಗ ಬಾಯಿ 4ರಿಂದ 6 ಚದರ ಸೆಂಟಿಮೀಟರ್.

ನಮ್ಮ ಕಡೆ ಈ ಬಾಗಿಲು ಕೆಡಲು ಮುಖ್ಯ ಕಾರಣ ಬಾಲ್ಯದ ಗಂಟಲು ನೋವು. ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ರುಮ್ಯಾಟಿಕ್ ಜ್ವರ ಬಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕವಾಟದ ಮೇಲೆ ಬೀಳುತ್ತದೆ. ವರ್ಷಗಳು ಉರುಳಿದಂತೆ ಹಲಗೆಗಳ ಅಂಚುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಾಯಿ ಒಂದೂವರೆ ಚದರ ಸೆಂಟಿಮೀಟರ್‌ಗೆ ಇಳಿದರೆ ಕಾಯಿಲೆ ತೀವ್ರವೆಂದೇ ಲೆಕ್ಕ. ರಕ್ತ ಹಿಂದೆ ತುಂಬಿ ಶ್ವಾಸಕೋಶಕ್ಕೆ ಒತ್ತುತ್ತದೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಇದು ಹೊರಬೀಳುವುದು ಬಸಿರಿನಲ್ಲಿ, ರಕ್ತದ ಪ್ರಮಾಣ ಹೆಚ್ಚಿದಾಗ. ಏದುಸಿರು ಬಂದರೆ ಮನೆಯವರು 'ರಕ್ತ ಕಡಿಮೆ ಇರಬೇಕು' ಎಂದು ಸುಮ್ಮನಾಗಿಬಿಡುತ್ತಾರೆ. ಅದು ನನ್ನನ್ನು ಬಹಳ ಕಾಡುವ ಮಾತು.

ಎದೆ ಸೀಳದೆ ಈ ಬೆಸುಗೆ ಬಿಡಿಸುವ ಬಲೂನ್ ವಿಧಾನವನ್ನು ಜಪಾನಿನ ಕಾಂಜಿ ಇನೌ 1984ರಲ್ಲಿ ಪ್ರಕಟಿಸಿದರು. ತುಮಕೂರು, ಗುಬ್ಬಿ, ಕುಣಿಗಲ್ಲಿನ ರೋಗಿಗಳಿಗೆ ಈ ಚಿಕಿತ್ಸೆಯ ಹೆಸರಾಂತ ಠಿಕಾಣಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ. ಅದನ್ನು ಬಹುಕಾಲ ಮುನ್ನಡೆಸಿದ ಡಾ. ಸಿ.ಎನ್. ಮಂಜುನಾಥ್ ಈ ಬಲೂನ್ ಚಿಕಿತ್ಸೆಗೇ ಹೆಸರಾದವರು. 2024ರಿಂದ ಕುಣಿಗಲ್ ಸೇರಿದ ಬೆಂಗಳೂರು ಗ್ರಾಮಾಂತರ ಕ್ಷೇತ್ರದ ಸಂಸದರೂ ಹೌದು.

ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಏರಿಸಿ, ಎರಡು ಹೃತ್ಕರ್ಣಗಳ ನಡುವಿನ ತೆಳುಗೋಡೆಯಲ್ಲಿ ಸಣ್ಣ ತೂತು ಮಾಡಿ, ಬಲೂನನ್ನು ಕವಾಟದ ಬಾಯಿಗೆ ಕೂರಿಸುತ್ತಾರೆ. ಬಲೂನಿನ ಅಳತೆಗೆ ಸರಳ ಸೂತ್ರವಿದೆ: ಎತ್ತರದ ಸೆಂಟಿಮೀಟರನ್ನು ಹತ್ತರಿಂದ ಭಾಗಿಸಿ ಹತ್ತು ಕೂಡಿಸಬೇಕು. 160 ಸೆಂಟಿಮೀಟರ್ ಎತ್ತರದವರಿಗೆ 26 ಮಿಲಿಮೀಟರ್. ಪರದೆಯ ಮೇಲೆ ಬಲೂನು ಮೊದಲು ಡಮರುಗದಂತೆ ಕಾಣುತ್ತದೆ. ಆ ಸಣ್ಣ ನಡುವೇ ಕವಾಟದ ಬಿಗಿ. ಇನ್ನಷ್ಟು ಉಬ್ಬಿಸಿದಾಗ ನಡು ತಟ್ಟನೆ ಮಾಯ, ಬೆಸುಗೆ ಬಿಟ್ಟಿತು. ಕೆಲವೇ ಸೆಕೆಂಡಿನ ಕೆಲಸ.

ಹೃತ್ಕರ್ಣದ ಒತ್ತಡ ಅಲ್ಲೇ, ಟೇಬಲ್ ಮೇಲೆಯೇ ಇಳಿಯುತ್ತದೆ. ಶ್ವಾಸಕೋಶದ ರಕ್ತನಾಳಗಳ ಒತ್ತಡ ಸ್ವಲ್ಪ ಅಂದೇ, ಉಳಿದದ್ದು ವಾರ, ತಿಂಗಳುಗಳಲ್ಲಿ ತಗ್ಗುತ್ತದೆ. ಬಲಭಾಗದ ಹೃದಯಕ್ಕೆ ಹೊರೆ ಇಳಿಯುತ್ತದೆ. ಹಿಗ್ಗಿದ ಹೃತ್ಕರ್ಣ ಮಾತ್ರ ನಿಧಾನ. ಅದು ವರ್ಷಗಟ್ಟಲೆ ಹಿಗ್ಗಿ ಬಡಿತದ ತಾಳ ತಪ್ಪಿದ್ದರೆ ಹಿಂದಿನಂತಾಗದೆಯೂ ಇರಬಹುದು.

ಕವಾಟ ಸೋರುವವರ ಕಥೆ ಬೇರೆ. ಅಲ್ಲಿ ಬಲೂನಲ್ಲ, ಎರಡು ಹಲಗೆಯನ್ನು ನಡುವೆ ಕಚ್ಚಿ ಹಿಡಿಯುವ ಕ್ಲಿಪ್. ಸೋರುವ ಹೃದಯದ ಎಕೋ ವರದಿಯನ್ನು ಎಚ್ಚರದಿಂದ ಓದಬೇಕು. ಅದರಲ್ಲಿನ 'ಇಎಫ್' ಎಂದರೆ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಅಂಕಿ; ಹಿಂದಕ್ಕೆ ನುಗ್ಗುವ ರಕ್ತವನ್ನೂ ಅದು ಲೆಕ್ಕಕ್ಕೆ ಹಿಡಿಯುವುದರಿಂದ 60 ಎಂದಿದ್ದರೂ ಸ್ನಾಯು ಸೋಲತೊಡಗಿರಬಹುದು. ಕ್ಲಿಪ್ ಹಾಕಿದ ಮೇಲೆ ಆ ಅಂಕಿ ಇಳಿಯುವುದುಂಟು, ಮನೆಯವರು ಗಾಬರಿಯಾಗುತ್ತಾರೆ. ಆದರೆ ದೇಹದ ಕಡೆಗೆ ಹೋಗುವ ರಕ್ತ ಹೆಚ್ಚಿರುತ್ತದೆ, ಉಬ್ಬಿದ ಹೃತ್ಕುಕ್ಷಿ ಕುಗ್ಗಲು ಎಡೆಯಾಗುತ್ತದೆ.

ಹೃದಯವೇ ಸೋತು ಕವಾಟ ಸೋರುವವರಲ್ಲಿ ಕ್ಲಿಪ್ ಎಷ್ಟು ನೆರವಾದೀತೆಂದು ನೋಡಿದ ಎರಡು ದೊಡ್ಡ ಅಧ್ಯಯನಗಳು 2018ರಲ್ಲಿ ಬಂದವು. 614 ರೋಗಿಗಳ ಕೋಯಾಪ್ಟ್‌ನಲ್ಲಿ, ಎರಡು ವರ್ಷದಲ್ಲಿ ಔಷಧ ಮಾತ್ರ ಪಡೆದವರ ಪೈಕಿ ನೂರಕ್ಕೆ 46 ಮಂದಿ ತೀರಿಕೊಂಡರೆ, ಕ್ಲಿಪ್ ಹಾಕಿಸಿಕೊಂಡವರಲ್ಲಿ 29. ಫ್ರಾನ್ಸಿನ ಮಿತ್ರಾ-ಎಫ್‌ಆರ್‌ನಲ್ಲಿ ಲಾಭವೇ ಕಾಣಲಿಲ್ಲ. ಅಲ್ಲಿನ ರೋಗಿಗಳ ಹೃತ್ಕುಕ್ಷಿ ಆಗಲೇ ಬಹಳ ಹಿಗ್ಗಿಹೋಗಿತ್ತು ಎಂಬುದು ತಜ್ಞರು ಕೊಡುವ ಮುಖ್ಯ ವಿವರಣೆ.

ರುಮ್ಯಾಟಿಕ್ ಜ್ವರದಿಂದ ದಪ್ಪಗಟ್ಟಿ ಬಿಗಿದ ಕವಾಟಕ್ಕೆ ಕ್ಲಿಪ್ ಹೊಂದುವುದು ಅಪರೂಪ. ಹಾಕಿದರೆ ಬಾಯಿ ಇನ್ನೂ ಕಿರಿದಾಗುತ್ತದೆ. ಬಲೂನ್ ಆದ ಎಳೆಯ ವಯಸ್ಸಿನವರೂ ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸುವಂತಿಲ್ಲ. ಜ್ವರ ಮರಳಿದರೆ ಬಿಡಿಸಿದ ಅದೇ ಅಂಚುಗಳಿಗೆ ಮತ್ತೆ ಪೆಟ್ಟು.